ಹಿಮನದಿಯ ಬಾಗಿಲು ತೆರೆಯುವ ತಿಂಗಳು

ಸಿಯಾಟಲ್ ನಗರದಲ್ಲಿ ಮಗನದೋ ಮಗಳದೋ ಸಂಸಾರವಿರುವ ನಮ್ಮ ಕಡೆಯ ತಾಯ್ತಂದೆಯರು, ಅಲ್ಲಿಯ ಚಳಿ ಕಳೆದಮೇಲೆ ಹೋಗಿ ಮತ್ತೆ ಚಳಿ ಹುಟ್ಟುವುದಕ್ಕೆ ಮೊದಲೇ ಊರಿಗೆ ಹಿಂದಿರುಗುವುದುಂಟು. ಆ ನಾಲ್ಕೈದು ತಿಂಗಳ ವಾಸದಲ್ಲಿ, ಮೊಮ್ಮಕ್ಕಳ ಲಾಲನೆ ಪಾಲನೆಗಳ ನಡುವೆ ಒಂದು ವಾರವನ್ನು ಬಿಡುವು ಮಾಡಿಕೊಂಡು ಅಲಾಸ್ಕಾದ ವಿಹಾರನೌಕೆಯನ್ನು ಹತ್ತಿಬರುವವರೂ ಉಂಟು. ಅಂಥವರು ಹೊರಡುವುದಕ್ಕೆ ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮೇ ತಿಂಗಳಿನಲ್ಲಿ ಹೋಗುವುದು ಲೇಸೋ, ಸೆಪ್ಟೆಂಬರಿನಲ್ಲಿ ಹೋಗುವುದು ಲೇಸೋ? ನಡುವಣ ಮೂರು ತಿಂಗಳುಗಳಲ್ಲಿ ಆ ದೇಶದ ಶಾಲೆಗಳಿಗೆ ರಜೆಯಾದುದರಿಂದ ಜನಸಂದಣಿಯೂ ದರವೂ ಒಟ್ಟಿಗೇ ಏರುತ್ತವೆ. ವಿಶ್ರಾಂತ ಜೀವನದವರು ಆ ಗದ್ದಲಕ್ಕೆ ಸಿಕ್ಕಬೇಕಾದ ಅಗತ್ಯವಿಲ್ಲ. ಎರಡು ತುದಿಗಳಲ್ಲಿ ಯಾವುದೆಂಬುದಷ್ಟೇ ಉಳಿಯುವ ವಿಚಾರ. ದರದಲ್ಲಿ ಅವೆರಡೂ ಹೆಚ್ಚುಕಡಿಮೆ ಸಮಾನ. ಹಗಲಿನ ಉಷ್ಣತೆಯಾದರೂ ಜೂನೋ ಪಟ್ಟಣದಲ್ಲಿ ಎರಡೂ ತಿಂಗಳು 13, 14 ಡಿಗ್ರಿ ಸೆಲ್ಸಿಯಸ್ಸಿನ ಸುತ್ತಮುತ್ತಲೇ. ಹಣದ ಚೀಲವೂ ಉಷ್ಣಮಾಪಕವೂ ತೀರ್ಪು ಹೇಳಲಾರದ ಈ ವ್ಯಾಜ್ಯವನ್ನು ಆ ನಾಡಿನ ಮುಂದೆಯೇ ಇಟ್ಟು ನೋಡಬೇಕಾಗುತ್ತದೆ.

ಆ ನಾಡೆಂದರೆ ಅಲಾಸ್ಕಾದ ಆಗ್ನೇಯ ತೀರ. ಅಗಾಧವಾದ ಪರ್ವತಗಳು ನೇರವಾಗಿ ಕಡಲಿಗೆ ಇಳಿದಿರುವ, ದ್ವೀಪಗಳ ಸಾಲು ಹೊರಸಮುದ್ರದ ಅಲೆಗಳಿಗೆ ಅಡ್ಡಲಾಗಿ ನಿಂತಿರುವ ಆ ಒಳದಾರಿಯಲ್ಲಿ ಹಡಗು ಕೆಚಿಕನ್, ಜೂನೋ, ಸ್ಕ್ಯಾಗ್ವೇ ಪಟ್ಟಣಗಳನ್ನು ಮುಟ್ಟುತ್ತ ಹೋಗಿ, ಅನುಮತಿಯಿದ್ದಲ್ಲಿ ಗ್ಲೇಸಿಯರ್ ಬೇ ಎಂಬ ಕೊಲ್ಲಿಯನ್ನು ಹೊಕ್ಕು ಹಿಂದಿರುಗುತ್ತದೆ.

ಮೇ ತಿಂಗಳಿನ ಪ್ರಯಾಣಿಕರಿಗೆ ದೊರೆಯುವ ಮೊದಲನೆಯ ಸಂಪತ್ತು ಬೆಳಕು. ಜೂನೋ 58 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಆ ತಿಂಗಳ ನಡುವಿನಲ್ಲಿ ಅಲ್ಲಿಯ ಹಗಲು 16 ಗಂಟೆಗೂ ಮಿಕ್ಕಿ ಇರುತ್ತದೆ. ರಾತ್ರಿಯ ಊಟ ತೀರಿಸಿಕೊಂಡು ಹಡಗಿನ ಮೇಲಂತಸ್ತಿಗೆ ಬಂದವರಿಗೆ, ಒಂಬತ್ತು ಗಂಟೆಯಾಗಿದ್ದರೂ, ಪಡುವಣ ಶಿಖರಗಳ ಮೇಲೆ ಸಂಜೆ ಇನ್ನೂ ಮುಗಿಯದೆ ನಿಂತಿರುವುದು ಕಾಣುತ್ತದೆ. ಚಳಿಗಾಲದ ಹಿಮ ಬೆಟ್ಟಗಳ ಕೆಳಮೈವರೆಗೂ ಇಳಿದಿರುತ್ತದೆ. ಅದು ಕರಗಿ ಹರಿಯುವ ನೀರು ಹೆಸರಿಲ್ಲದ ನೂರು ಜಲಪಾತಗಳಾಗಿ ಕಡಲಿಗೆ ಬೀಳುತ್ತದೆ. ಗುಹೆಯ ನಿದ್ರೆ ಮುಗಿಸಿ ಹೊರಬಂದ ಕರಡಿಗಳು, ಮೀನಿನ ಕಾಲ ಇನ್ನೂ ಬಾರದುದರಿಂದ, ತೀರದಲ್ಲಿ ಹೊಸದಾಗಿ ಚಿಗುರಿದ ಹುಲ್ಲನ್ನು ದನಗಳಂತೆ ಮೇಯುತ್ತವೆ. ಹವಾಯಿ ದ್ವೀಪಗಳ ಬೆಚ್ಚನೆಯ ನೀರಿನಲ್ಲಿ ಚಳಿಗಾಲವನ್ನು ಬಹುಮಟ್ಟಿಗೆ ಉಪವಾಸವಾಗಿಯೇ ಕಳೆದು, ಅಲ್ಲಿ ಮರಿ ಹಾಕಿ, 4,000 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಈಜಿಬಂದ ಗೂನುಬೆನ್ನಿನ ತಿಮಿಂಗಿಲಗಳು ಈ ತಣ್ಣೀರಿನಲ್ಲಿ ತಿಂಗಳುಗಳ ಹಸಿವನ್ನು ತೀರಿಸಿಕೊಳ್ಳಲು ತೊಡಗುವುದೂ ಆಗಲೇ. ಎಲ್ಲವೂ ಆರಂಭದಲ್ಲಿರುವ ಆ ನಾಡನ್ನು ನೋಡಿ ಬಂದವರು ಸೆಪ್ಟೆಂಬರಿನ ಮಾತನ್ನೇ ಕಿವಿಗೆ ಹಾಕಿಕೊಳ್ಳದಿದ್ದರೆ ಅವರನ್ನು ತಪ್ಪೆನ್ನಲಾಗದು.

ಅವರ ಪಕ್ಷಕ್ಕೆ ಬಲ ಕೊಡುವ ಇನ್ನೊಂದು ಸಾಕ್ಷಿ ಮಳೆ. ಕೆಚಿಕನ್ ಪಟ್ಟಣದಲ್ಲಿ ವರ್ಷಕ್ಕೆ 3,500 ಮಿಲಿಮೀಟರನ್ನು ಮೀರಿ ಮಳೆಯಾಗುತ್ತದೆ. ಮಡಿಕೇರಿಯ ಮಳೆಗಾಲವನ್ನು ಕಂಡವರು ಈ ಅಂಕಿಯನ್ನು ತಮ್ಮ ಮೈಯಿಂದಲೇ ಅರಿಯಬಲ್ಲರು. ಆ ತೀರದಲ್ಲಿ ಏಪ್ರಿಲಿನಿಂದ ಜೂನಿನವರೆಗಿನ ಕಾಲ ಇದ್ದುದರಲ್ಲಿ ಒಣಕಾಲ. ಜೂನೋದಲ್ಲಿ ಸೆಪ್ಟೆಂಬರಿನ ಮಳೆ ಮೇ ತಿಂಗಳಿನದಕ್ಕಿಂತ ಎರಡು ಪಾಲಿಗೂ ಹೆಚ್ಚು. ಆದರೆ ಅಲ್ಲಿಯದು ಬಹುತೇಕ ನಮ್ಮ ಆಷಾಢದ ಬಿರುಮಳೆಯಲ್ಲ, ದಿನವಿಡೀ ಜಿನುಗುವ ಸೋನೆ. ದೇವದಾರು ಜಾತಿಯ ಮರಗಳಿಂದ ಕಪ್ಪಗಾದ ಬೆಟ್ಟದ ಮೈಮೇಲೆ ಮೋಡದ ಎಳೆಗಳು ಸಿಕ್ಕಿಕೊಂಡು ನಿಂತಿರುವ ಆ ದೃಶ್ಯ, ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಪರದೇಶವೆಂಬ ಭಾವವನ್ನೇ ಕ್ಷಣಕಾಲ ಮರೆಯಿಸೀತು. ಮಳೆಗೆ ಅಂಜುವವರು ಮೇ ತಿಂಗಳನ್ನೇ ಆರಿಸಿಕೊಳ್ಳಲಿ. ಮಳೆಯ ಮಕ್ಕಳಾದ ನಮಗೆ ಅದೊಂದೇ ಕಾರಣ ಸಾಲದೆಂದು ನನ್ನ ಎಣಿಕೆ.

ಸೆಪ್ಟೆಂಬರಿನಲ್ಲಿ ಆ ನಾಡು ತನ್ನ ವರ್ಷದ ಲೆಕ್ಕವನ್ನು ಮುಗಿಸುತ್ತಿರುತ್ತದೆ. ಬೇಸಗೆಯುದ್ದಕ್ಕೂ ಸಮುದ್ರದಿಂದ ತಾವು ಹುಟ್ಟಿದ ಹೊಳೆಗಳಿಗೆ ಮರಳಿ, ಮೊಟ್ಟೆಯಿಟ್ಟು ಸತ್ತ ಸಾಲ್ಮನ್ ಮೀನುಗಳ ಕಳೇಬರಗಳು ದಡದುದ್ದಕ್ಕೂ ಬಿದ್ದಿರುತ್ತವೆ. ಮೂಗಿಗೆ ಅದು ಹಿತವಲ್ಲ, ನಿಜ. ಆದರೆ ಕರಡಿಗಳೂ ಹದ್ದುಗಳೂ ಆ ಮೀನುಗಳನ್ನು ಕಾಡಿನೊಳಕ್ಕೆ ಎಳೆದೊಯ್ದು ಅರ್ಧ ತಿಂದು ಬಿಟ್ಟಲ್ಲಿ, ಅವುಗಳ ದೇಹದಲ್ಲಿದ್ದ ಸಾರಜನಕ ಮಣ್ಣಿಗೆ ಸೇರಿ ಮರಗಳ ಬೇರಿಗೆ ಗೊಬ್ಬರವಾಗುತ್ತದೆ. ಸಮುದ್ರದಿಂದ ಬಂದ ಸಾರಜನಕವನ್ನು ವಿಜ್ಞಾನಿಗಳು ಹೊಳೆಯಂಚಿನ ಮರಗಳಲ್ಲಿಯೇ ಗುರುತಿಸಿದ್ದಾರೆ. ಹೀಗೆ ಕಡಲು ವರ್ಷಕ್ಕೊಮ್ಮೆ ಕಾಡಿಗೆ ಉಣಬಡಿಸುವ ಆ ಸಂತರ್ಪಣೆಯನ್ನು ಮೇ ತಿಂಗಳಿನಲ್ಲಿ ಹೋದವರು ಊಹಿಸಿಕೊಳ್ಳಬೇಕಷ್ಟೆ. ಬೇಸಗೆಯಿಡೀ ತಿಂದು ಕೊಬ್ಬಿದ ತಿಮಿಂಗಿಲಗಳು ಹಿಂದಿರುಗುವ ಪ್ರಯಾಣಕ್ಕೆ ಸಿದ್ಧವಾಗಿರುತ್ತವೆ. ಶಿಖರಗಳ ತುದಿಯಲ್ಲಿ ಹೊಸ ಹಿಮದ ತೆಳ್ಳನೆಯ ಲೇಪವೊಂದು ಒಂದು ಬೆಳಗ್ಗೆ ಕಾಣಿಸಿಕೊಳ್ಳುತ್ತದೆ. ಅಲಾಸ್ಕಾದ ಜನ ಅದನ್ನು ಟರ್ಮಿನೇಶನ್ ಡಸ್ಟ್, ಎಂದರೆ ಮುಕ್ತಾಯದ ಧೂಳಿ, ಎಂದು ಕರೆಯುತ್ತಾರೆ. ಅದು ಕಂಡಿತೆಂದರೆ ಬೇಸಗೆಯೂ ಮುಗಿಯಿತು, ಬೇಸಗೆಗೆಂದು ಬಂದವರ ಕೂಲಿಯೂ ಮುಗಿಯಿತು. ರಾತ್ರಿಗಳು ಮತ್ತೆ ನಿಜವಾಗಿ ಕತ್ತಲಾಗುವುದರಿಂದ, ಮೋಡ ಚದುರಿದ ದಿನ ಉತ್ತರಧ್ರುವಪ್ರಭೆಯ ಹಸಿರು ತೆರೆ ಬಾನಿನಲ್ಲಿ ಆಡಿದರೂ ಆಡೀತು. ಮೇ ತಿಂಗಳಿನ ಉತ್ತರಾರ್ಧದಲ್ಲಿ ಅದನ್ನು ಕಾಣುವಷ್ಟು ಕತ್ತಲೆಯೇ ಇರುವುದಿಲ್ಲ.

ಇಷ್ಟಾದರೂ ತಕ್ಕಡಿ ಸಮವಾಗಿಯೇ ನಿಂತೀತು. ಅದನ್ನು ನನ್ನ ಮಟ್ಟಿಗೆ ಒಂದು ಕಡೆಗೆ ವಾಲಿಸಿರುವುದು ಗ್ಲೇಸಿಯರ್ ಬೇ. 1794ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರನ ನಾವಿಕರು ಆ ತೀರವನ್ನು ಅಳೆಯುತ್ತ ಬಂದಾಗ ಅಲ್ಲಿ ಕೊಲ್ಲಿಯೆಂಬುದೇ ಇರಲಿಲ್ಲವೆಂದರೂ ಸಲ್ಲುತ್ತದೆ. ಹಿಮದ ಗೋಡೆಯೊಂದು ಬಾಯಿಗೇ ಬಂದು ನಿಂತಿದ್ದಿತು. ಅದಕ್ಕೂ ಕೆಲವು ದಶಕಗಳ ಹಿಂದೆ, ಮುನ್ನುಗ್ಗಿ ಬಂದ ಅದೇ ಹಿಮ ಅಲ್ಲಿಯ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರನ್ನು ಅವರ ಮನೆಗಳಿಂದ ಎಬ್ಬಿಸಿ ಓಡಿಸಿದ್ದಿತು. 1879ರ ಅಕ್ಟೋಬರಿನಲ್ಲಿ, ಹಂಗಾಮು ಕಳೆದು ಚಳಿ ಹತ್ತಿರವಾದ ಮೇಲೆ, ಜಾನ್ ಮ್ಯೂರ್ ಎಂಬ ನಿಸರ್ಗೋಪಾಸಕನು ಟ್ಲಿಂಗಿಟ್ ಅಂಬಿಗರೊಡನೆ ದೋಣಿಯಲ್ಲಿ ಅಲ್ಲಿಗೆ ಬಂದನು. ಅವನ ಕೈಯಲ್ಲಿದ್ದ ವ್ಯಾಂಕೂವರನ ನಕಾಶೆ ನಿಷ್ಪ್ರಯೋಜಕವಾಗಿದ್ದಿತು. ದಾರಿ ತೋರಿದವನು ಸೀಲುಗಳನ್ನು ಬೇಟೆಯಾಡುತ್ತಿದ್ದ ಹೂನಾ ಜನರಲ್ಲೊಬ್ಬ. ಹಿಮ ಆ ವೇಳೆಗೆ 50 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದ್ದಿತು. ಮಳೆಯಲ್ಲಿಯೇ ಒಂದು ಬೆಟ್ಟವನ್ನೇರಿದ ಮ್ಯೂರನಿಗೆ, ಮೋಡ ಮೇಲೆದ್ದಾಗ, ಆ ಹೊಸ ಕೊಲ್ಲಿಯೂ ಅದರ ಹಿಮನದಿಗಳೂ ಕಣ್ಣಿಗೆ ಬಿದ್ದುವು. ಆತನ ಅನಂತರ ಬಂದವರು ಬೇಸಗೆಯವರು: 1883ರ ಜುಲೈಯಲ್ಲಿ ಉಗಿಹಡಗಿನಲ್ಲಿ ಬಂದ ಎಲೈಜಾ ಸಿಡ್‌ಮೋರ್ ಎಂಬ ಲೇಖಕಿಯ ಬರಹಗಳಿಂದ ಆ ಕೊಲ್ಲಿ ಪ್ರಸಿದ್ಧವಾಗಿ, ಪ್ರವಾಸಿಗರ ಹಡಗುಗಳು ಮ್ಯೂರನ ಹೆಸರಿನ ಹಿಮನದಿಯ ಮುಂದೆ ವರ್ಷವರ್ಷವೂ ಬಂದು ನಿಲ್ಲುವಂತಾಯಿತು. 1899ರ ಸೆಪ್ಟೆಂಬರಿನಲ್ಲಿ ಒಂದು ಮಹಾ ಭೂಕಂಪವಾಗಿ, ಆ ಹಿಮನದಿ ಸೀಳಿ ಒಡೆದು, ಮಂಜುಗಡ್ಡೆಗಳು ಕೊಲ್ಲಿಯನ್ನು ತುಂಬಿಬಿಟ್ಟುದರಿಂದ ಹಡಗುಗಳು ಅದರ ಬಳಿಸಾರುವುದೇ ಹಲವು ವರ್ಷ ನಿಂತಿತು.

ಇಂದು ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ವಿಹಾರನೌಕೆಗಳಿಗೆ ಪ್ರವೇಶ. ಕೊಲ್ಲಿಯ ತಲೆಗೆ, ಬಾಯಿಯಿಂದ 100 ಕಿಲೋಮೀಟರಿನಷ್ಟು ಒಳಗೆ, ಹೋದ ಹಡಗು ಮಾರ್ಜರಿ ಹಿಮನದಿಯ ಮುಂದೆ ನಿಲ್ಲುತ್ತದೆ. ಅದನ್ನು ಯಾವ ತಿಂಗಳಾದರೂ ನೋಡಬಹುದು. ಅದಕ್ಕೆ ಸಮೀಪದಲ್ಲಿಯೇ ಕವಲೊಡೆಯುವ ಇನ್ನೊಂದು ಕಡಲಚಾಚಿನ ತುದಿಯಲ್ಲಿ ಜಾನ್ಸ್ ಹಾಪ್‌ಕಿನ್ಸ್ ಹಿಮನದಿಯಿದೆ: ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಮುಖ, ನೆರೆಹೊರೆಯ ಹಿಮನದಿಗಳು ಹಿಂಜರಿಯುತ್ತಿದ್ದ ಇಪ್ಪತ್ತನೆಯ ಶತಮಾನದಲ್ಲಿ ತಾನು ಮುಂದಡಿಯಿಟ್ಟ ಅಪರೂಪದ ಹಿಮರಾಶಿ. ಅದರಿಂದ ಕಳಚಿ ತೇಲುವ ಮಂಜುಗಡ್ಡೆಗಳ ಮೇಲೆ ಸೀಲುಗಳು ಮೇ ಮತ್ತು ಜೂನ್ ತಿಂಗಳುಗಳಲ್ಲಿ ಮರಿ ಹಾಕುತ್ತವೆ. ಮರಿ ಹಾಲು ಕುಡಿಯುವುದು ನಾಲ್ಕಾರು ವಾರ ಮಾತ್ರ. ಅಷ್ಟರೊಳಗೆ ಅದು ಚಳಿಯನ್ನು ತಡೆಯುವಷ್ಟು ಕೊಬ್ಬು ಕೂಡಿಸಿಕೊಳ್ಳಬೇಕು. ಹಡಗು ಹತ್ತಿರ ಬಂದರೆ ಬೆದರಿದ ತಾಯಂದಿರು ನೀರಿಗೆ ಧುಮುಕುತ್ತವೆ; ಮರಿ ತಾಯಿಯಿಂದ ಅಗಲಿ ಹೋಗಬಹುದು, ಇಲ್ಲವೆ ಕೊರೆಯುವ ನೀರಿನಲ್ಲಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳಬಹುದು. ಆದುದರಿಂದ ಮೇ 1ರಿಂದ ಜೂನ್ 30ರ ಪರ್ಯಂತ ಆ ಚಾಚಿನೊಳಗೆ ಯಾವ ನೌಕೆಗೂ ಪ್ರವೇಶವಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಣ್ಣ ದೋಣಿಗಳು ಸೀಲುಗಳಿಂದ ದೂರವಿದ್ದು ಹೋಗಬಹುದಾದರೂ ವಿಹಾರನೌಕೆಗಳಿಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಅದು ತೆರೆಯುವುದು ಸೆಪ್ಟೆಂಬರ್ 1ಕ್ಕೆ.

ಕೋಟಿಗಟ್ಟಲೆ ಹಣದ ಹಡಗುಗಳನ್ನು ನಾಲ್ಕು ತಿಂಗಳ ಕಾಲ ಹೊರಗೆ ನಿಲ್ಲಿಸುವ ಬಾಣಂತಿಕೋಣೆಯೊಂದು ಈ ಭೂಮಿಯ ಮೇಲೆ ಇದೆಯೆಂಬ ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹಿಮನದಿಯ ವಿಷಯದಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: ಮೇ ತಿಂಗಳಿನಲ್ಲಿ ಅದರ ಬೆನ್ನನ್ನು ಚಳಿಗಾಲದ ಬಿಳಿಹಿಮ ಮುಚ್ಚಿರುತ್ತದೆ, ಬೇಸಗೆಯ ಕೊನೆಗೆ ಆ ಹೊದಿಕೆ ಕರಗಿ, ಶತಮಾನಗಳ ಭಾರಕ್ಕೆ ಒತ್ತಿ ಗಟ್ಟಿಯಾದ, ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಮಾತ್ರ ಹೊರಗೆ ಬಿಡುವ ಹಳೆಯ ಮಂಜುಗಡ್ಡೆ ಬಿರುಕುಗಳಲ್ಲಿ ಬಯಲಾಗಿ ಕಾಣುತ್ತದೆ.

ಆದುದರಿಂದ ಕೇಳಿದವರಿಗೆ ನಾನು ಸೆಪ್ಟೆಂಬರಿನ ಮೊದಲ ಎರಡು ವಾರಗಳನ್ನು ಹೇಳುತ್ತೇನೆ. ಆ ಬಳಿಕ ಹೊರಗಡಲಿನಲ್ಲಿ ಬಿರುಗಾಳಿ ಹೆಚ್ಚುತ್ತದೆ, ಅಂಗಡಿಗಳೂ ಒಳನಾಡಿನ ವಸತಿಗಳೂ ಒಂದೊಂದಾಗಿ ಮುಚ್ಚುತ್ತವೆ. ಅಲೆಯ ಓಲಾಟಕ್ಕೆ ತಲೆಸುತ್ತು ಬರುವವರು ಅಲಾಸ್ಕಾ ಕೊಲ್ಲಿಯನ್ನು ದಾಟಿ ಉತ್ತರಕ್ಕೆ ಹೋಗುವ ಒಮ್ಮುಖ ಪ್ರಯಾಣವನ್ನು ಬಿಟ್ಟು, ವ್ಯಾಂಕೂವರಿನಿಂದ ಹೊರಟು ಒಳದಾರಿಯಲ್ಲಿಯೇ ಹಿಂದಿರುಗುವ ಹಡಗನ್ನು ಹಿಡಿಯುವುದು ಮೇಲು. ಚೀಟಿ ಕೊಳ್ಳುವ ಮುಂಚೆ ಆ ಹಡಗಿಗೆ ಗ್ಲೇಸಿಯರ್ ಬೇ ಪ್ರವೇಶವುಂಟೇ ಎಂದು ತಪ್ಪದೆ ಕೇಳಬೇಕು. ಒಳ್ಳೆಯ ಮಳೆಯಂಗಿಯನ್ನೂ ಉಣ್ಣೆಯ ಟೋಪಿಯನ್ನೂ ಒಯ್ಯಬೇಕು. ಅಷ್ಟಾದಮೇಲೆಯೂ ತೇಲುವ ಮಂಜುಗಡ್ಡೆಗಳು ದಾರಿ ಬಿಟ್ಟರೆ ಮಾತ್ರ ಕಪ್ತಾನನು ಹಡಗನ್ನು ಆ ಚಾಚಿನೊಳಕ್ಕೆ ತಿರುಗಿಸುತ್ತಾನೆ. ತಿರುಗಿಸಿದನೆಂದರೆ, ವೇಗ ತಗ್ಗಿಸಿದ ಹಡಗು ಮೆಲ್ಲಗೆ ಒಳಸರಿಯುತ್ತಿರುವಾಗ, ಮೇ ತಿಂಗಳಿನಲ್ಲಿ ಹುಟ್ಟಿ ಈಗ ತಾಯಿಯ ಹಂಗಿಲ್ಲದೆ ತಾನೇ ಮೀನು ಹಿಡಿಯಬಲ್ಲ ಸೀಲಿನ ಮರಿಯೊಂದು ನೀರಿನಿಂದ ತಲೆಯೆತ್ತಿ ಬಂದವರನ್ನು ನೋಡಿದರೂ ನೋಡೀತು.