ಹಾಕಿದ್ದನ್ನು ಅಳಿಸುವುದೇಕೆ?

ಮೇಲವಂಕಿ ಇರುವ ಗೋಕಾಕ ಸೀಮೆಯ ಜನರು 2019ರ ಆಗಸ್ಟ್ ತಿಂಗಳನ್ನು ಮರೆಯಲಾರರು. ಘಟಪ್ರಭಾ ಉಕ್ಕಿ ಹರಿದು ಗೋಕಾಕ ಪಟ್ಟಣದ ಒಳಗೇ ನೀರು ನುಗ್ಗಿತ್ತು. ಇಂಥ ಹೊತ್ತಿನಲ್ಲಿ ಮುಳುಗಿದ ಸೇತುವೆಯ ಫೋಟೋವೊಂದನ್ನು ಯಾರಾದರೂ ಮೊಬೈಲಿನಲ್ಲಿ ಹಾಕಿದರೆ ಅದು ದೊಡ್ಡ ಉಪಕಾರ. ಆ ದಾರಿಯಲ್ಲಿ ಹೋಗಬಾರದೆಂದು ನಾಲ್ಕು ಜನರಿಗೆ ತಿಳಿಯುತ್ತದೆ. ಅದೇ ಫೋಟೋ ಮರುವರ್ಷದ ಮಳೆಗಾಲದಲ್ಲಿ ದಿನಾಂಕವಿಲ್ಲದೆ ಮತ್ತೆ ಬಂದರೆ ಜನರನ್ನು ಸುಮ್ಮನೆ ಹೆದರಿಸುತ್ತದೆ. ನೇತ್ರಾವತಿಯ ದಡದಲ್ಲಿರುವ ನಮಗೂ ಈ ಅನುಭವ ಇಲ್ಲದಿಲ್ಲ. ನೀರು ಇಳಿದ ಮೇಲೆ ಆ ಫೋಟೋವನ್ನು ಅಳಿಸುವವನು ತಪ್ಪು ಮುಚ್ಚಿಕೊಳ್ಳುತ್ತಿಲ್ಲ. ನಿನ್ನೆಯ ಸತ್ಯ ನಾಳೆಯ ಸುಳ್ಳಾಗದಂತೆ ನೋಡಿಕೊಳ್ಳುತ್ತಿದ್ದಾನೆ.

ಯಾರಾದರೂ ಹಾಕಿದ್ದನ್ನು ತೆಗೆದರೆ 'ಏನೋ ಇರಬೇಕು' ಎಂದು ಸಂಶಯ ಪಡುವುದು ನಮ್ಮ ಅಭ್ಯಾಸ. ಆದರೆ ಹೆಚ್ಚಿನವರು ಅಳಿಸುವುದು ಓದುವವರು ಬದಲಾದರೆಂಬ ಕಾರಣಕ್ಕೆ. ಕಾಲೇಜಿನ ಗೆಳೆಯರಿಗೆಂದು ಬರೆದ ತಮಾಷೆಯನ್ನು ಐದು ವರ್ಷಗಳ ಬಳಿಕ ಕೆಲಸ ಕೊಡುವವರು ಓದುತ್ತಾರೆ, ಮದುವೆಯ ಮಾತುಕತೆಗೆ ಬಂದವರು ಓದುತ್ತಾರೆ. ಬಾಯಿಮಾತು ಗಾಳಿಯಲ್ಲಿ ಹೋಗುತ್ತಿತ್ತು, ಇದು ಹೋಗುವುದಿಲ್ಲ. ಈ ಕಷ್ಟವನ್ನು ಕಂಡೇ ತಾನಾಗಿ ಮಾಯವಾಗುವ ಸಂದೇಶಗಳು ಬಂದವು. 2011ರಲ್ಲಿ ಸ್ನ್ಯಾಪ್‌ಚಾಟ್ ಇದನ್ನು ಆರಂಭಿಸಿತು. 2017ರಲ್ಲಿ ವಾಟ್ಸಾಪಿಗೆ 24 ಗಂಟೆಯ ಸ್ಟೇಟಸ್ ಬಂತು, 2020ರಲ್ಲಿ ಏಳು ದಿನಗಳಲ್ಲಿ ಅಳಿಯುವ ಸಂದೇಶ ಬಂತು.

ನಮ್ಮ ರಾಜ್ಯದ ನ್ಯಾಯಾಲಯವೂ ಈ ಸಂಕಟವನ್ನು ಗಮನಿಸಿದೆ. ರಾಜಿಯಲ್ಲಿ ಮುಗಿದ ಹಳೆಯ ಪ್ರಕರಣವೊಂದರಲ್ಲಿ ತನ್ನ ಮಗಳ ಹೆಸರು ಅಂತರ್ಜಾಲದಲ್ಲಿ ಹುಡುಕಿದಾಗಲೆಲ್ಲ ಕಾಣಿಸುತ್ತದೆ, ಅವಳ ಸಂಸಾರಕ್ಕೆ ಇದರಿಂದ ತೊಂದರೆಯಾದೀತು ಎಂದು ತಂದೆಯೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ಅಂತರ್ಜಾಲದ ಹುಡುಕಾಟದಲ್ಲಿ ಆ ಹೆಸರು ಕಾಣದಂತೆ ನೋಡಿಕೊಳ್ಳಲು ತಮ್ಮ ಕಚೇರಿಗೆ ಸೂಚಿಸಿದರು. ಆದರೆ ಆದೇಶದ ಪ್ರಮಾಣಿತ ಪ್ರತಿ ಕೇಳಿ ಪಡೆದರೆ ಹೆಸರು ಅದರಲ್ಲಿ ಇದ್ದೇ ಇರುತ್ತದೆ. ದಾಖಲೆ ಉಳಿಯಿತು, ಬೀದಿಯಲ್ಲಿ ಸಾರುವುದು ನಿಂತಿತು. ನನಗೆ ಇದು ಸರಿಯಾದ ತೀರ್ಮಾನವೆಂದೇ ಕಾಣುತ್ತದೆ.

ಇನ್ನು, ಹೇಗೂ ಅಳಿದುಹೋಗುತ್ತದಲ್ಲ ಎಂಬ ಧೈರ್ಯದಿಂದ ಏನನ್ನಾದರೂ ಹಾಕುವವರ ವಿಚಾರ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಗಲಭೆ ನಡೆಯಿತು. ಅದಕ್ಕೆ ಕಾರಣವಾದದ್ದು ಒಬ್ಬ ಯುವಕ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಿದ, ಧಾರ್ಮಿಕ ಭಾವನೆಗೆ ಧಕ್ಕೆ ತರುವಂಥ ಚಿತ್ರ. ಪೊಲೀಸರು ಗಾಯಗೊಂಡರು, ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಗಲಭೆಯ ಮೊಕದ್ದಮೆಯನ್ನು ಹಿಂಪಡೆಯಲು ಸರಕಾರ 2024ರಲ್ಲಿ ತೀರ್ಮಾನಿಸಿತು, 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ತೀರ್ಮಾನವನ್ನು ರದ್ದುಮಾಡಿತು. ಸ್ಟೇಟಸ್ಸಿನ ಆಯುಸ್ಸು ಒಂದು ದಿನ, ಅದರ ಬೆನ್ನಿಗೆ ಹುಟ್ಟಿದ ಮೊಕದ್ದಮೆಯ ಆಯುಸ್ಸು ಮೂರು ವರ್ಷಕ್ಕೂ ಮಿಗಿಲು. ನೋಡಿದವನೊಬ್ಬ ಸ್ಕ್ರೀನ್‌ಶಾಟ್ ತೆಗೆದುಕೊಂಡರೆ ನಾವು ಅಳಿಸಿದ್ದು ನಮ್ಮ ಮೊಬೈಲಿನಿಂದ ಮಾತ್ರ.

ಸಾಕ್ಷಿ ಸಿಗಬಾರದೆಂದೇ ಅಳಿಸುವುದು ಬೇರೆಯದೇ ಮಾತು. ನ್ಯಾಯಾಲಯಕ್ಕೆ ಬೇಕಾದ ಡಿಜಿಟಲ್ ದಾಖಲೆಯನ್ನು ಬೇಕೆಂದೇ ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಂತೆ ಅಪರಾಧ. ಬೆದರಿಕೆಯ ಅಥವಾ ಅಶ್ಲೀಲ ಸಂದೇಶ ಬಂದಾಗ ನಮ್ಮ ಹೆಣ್ಣುಮಕ್ಕಳು ನಾಚಿಕೆಯಿಂದ ಅದನ್ನು ಕೂಡಲೇ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅದರ ಪ್ರತಿ ತೆಗೆದಿಟ್ಟು ಮನೆಯ ಹಿರಿಯರಿಗೋ ಪೊಲೀಸರಿಗೋ ತೋರಿಸಿ.

ವಾಳೆಯ ಗುಂಪುಗಳನ್ನು ನಡೆಸುವ ಗುರಿಕಾರರಿಗೆ ಒಂದು ಮಾತು. ಗುಂಪಿಗೆ ಸಂದೇಶ ಅಳಿಯುವ ಅವಧಿ ಇಡುವುದಾದರೆ 24 ಗಂಟೆ, 7 ದಿನ, 90 ದಿನ ಎಂಬ ಮೂರು ಆಯ್ಕೆಗಳಿವೆ. ಕಾಯಿಲೆಯವರ ಹೆಸರು, ಮಕ್ಕಳ ಫೋಟೋ ಬೇಗ ಅಳಿದರೆ ಒಳ್ಳೆಯದೇ. ವಂತಿಗೆಯ ಲೆಕ್ಕವನ್ನು ಮಾತ್ರ ಅಂಥ ಗುಂಪಿಗೆ ಹಾಕಿ ಬಿಟ್ಟುಬಿಡದೆ ಪುಸ್ತಕದಲ್ಲಿ ಬರೆದಿಡಿ.