ಕೇಳಿದವರಿಗೆ ಉತ್ತರ ಕೊಡುವ ಧೈರ್ಯ

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಕಥೋಲಿಕ ಕುಟುಂಬಗಳು ವಿರಳ. ಆದುದರಿಂದ "ನಿಮ್ಮ ಮನೆದೇವರು ಯಾವುದ್ರೀ?" ಎಂದು ನೆರೆಯವರು ಕೇಳುವುದು ಸಹಜ. ಆ ಪ್ರಶ್ನೆಯಲ್ಲಿ ಬಹುಮಟ್ಟಿಗೆ ಕುತೂಹಲವಿರುತ್ತದೆಯೇ ಹೊರತು ಹಗೆಯಿರುವುದಿಲ್ಲ. ಆದರೂ ಉತ್ತರಿಸುವಾಗ ನಾಲಿಗೆ ತಡವರಿಸುತ್ತದೆ. ಬಾಡಿಗೆ ಮನೆ ಸಿಕ್ಕೀತೋ ಇಲ್ಲವೋ, ಶಾಲೆಯಲ್ಲಿ ಮಗುವನ್ನು ಬೇರೆಯಾಗಿ ಕಂಡಾರೋ ಎಂಬ ಅಳುಕು ತಂದೆತಾಯಿಯರನ್ನು ಕಾಡುತ್ತದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯಿದೆ ಜಾರಿಗೆ ಬಂದ ಮೇಲೆ ಈ ಅಳುಕು ಇನ್ನಷ್ಟು ಬೆಳೆಯಿತು. 2023ರ ಜೂನ್ ತಿಂಗಳಲ್ಲಿ ಸಚಿವ ಸಂಪುಟವು ಅದನ್ನು ಹಿಂಪಡೆಯಲು ನಿರ್ಧರಿಸಿತಾದರೂ ಮನಸ್ಸಿನ ಭಯ ಅಷ್ಟು ಬೇಗ ಹೋಗುವಂಥದ್ದಲ್ಲ. ಇದನ್ನು ಹೇಡಿತನವೆಂದು ಜರೆಯುವುದು ನ್ಯಾಯವಲ್ಲ. ಆದರೆ ಅದನ್ನೇ ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗುವುದೂ ಸಲ್ಲದು.

ನಂಬಿಕೆಯನ್ನು ಹೇಳಿಕೊಳ್ಳುವುದು ಅಪರಾಧವಲ್ಲವೆಂಬುದನ್ನು ನಾವು ಮೊದಲು ತಿಳಿಯಬೇಕು. ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ನೀಡಿದೆ. ಆ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಸದಸ್ಯರಾಗಿದ್ದರು. 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಗೆರೆ ಎಳೆಯಿತು: ತನ್ನ ಧರ್ಮದ ತತ್ವಗಳನ್ನು ತಿಳಿಯಪಡಿಸುವುದು ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ. ಕೇಳಿದ ನೆರೆಯವನಿಗೆ ವಿನಯದಿಂದ ಉತ್ತರಿಸುವವನು ಈ ಗೆರೆಯನ್ನು ದಾಟುವುದಿಲ್ಲ.

ನಮ್ಮ ಈ ಸೀಮೆಯೂ ಮುಚ್ಚುಮರೆಯನ್ನು ಕಲಿಸಿದ ಸೀಮೆಯಲ್ಲ. ಸುರಪುರ ನಾಡಿನ ಮುದನೂರಿನ ಜೇಡರ ದಾಸಿಮಯ್ಯನವರು ನೆಯ್ಗೆಯ ಕಾಯಕ ಮಾಡುತ್ತಲೇ ತಾವು ನಂಬಿದ ದೇವರನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೆಸರಿಸಿದರು. ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಹೊಳೆಯಾಚೆ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯ ಬಾಳಿಬಂದಿದೆ. ತನ್ನ ನಂಬಿಕೆಯನ್ನು ಹೇಳಿ, ಪರರ ನಂಬಿಕೆಯನ್ನು ಗೌರವಿಸುವವನನ್ನು ಇಲ್ಲಿಯ ಜನ ಬಲ್ಲರು.

ಧೈರ್ಯ ಹುಟ್ಟಿನಿಂದ ಬರುವ ಗುಣವೇನಲ್ಲ. ಪ್ರಧಾನ ಯಾಜಕನ ಅಂಗಳದಲ್ಲಿ ಒಬ್ಬ ದಾಸಿಯ ಮಾತಿಗೆ ಹೆದರಿ ಯೇಸುವನ್ನು ಅರಿಯೆನೆಂದವರು ಸಂತ ಪೇತ್ರರು. ಪಂಚಾಶತ್ತಮ ದಿನದಂದು ಅದೇ ಜೆರುಸಲೇಮಿನಲ್ಲಿ ಜನಸ್ತೋಮದ ಮುಂದೆ ಎದ್ದುನಿಂತವರೂ ಅವರೇ. ಇವೆರಡರ ನಡುವೆ ಮಾತೆ ಮರಿಯಮ್ಮನವರೊಡನೆ ಒಮ್ಮನಸ್ಸಿನಿಂದ ಮಾಡಿದ ಪ್ರಾರ್ಥನೆಯಿತ್ತು, ಪವಿತ್ರಾತ್ಮರ ವರವಿತ್ತು. ಆ ವರವನ್ನೇ ದೃಢೀಕರಣ ಸಂಸ್ಕಾರದಲ್ಲಿ ನಾವೂ ಪಡೆದಿದ್ದೇವೆ. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ಪಿಳ್ಳೈ ಅವರು ಗುರುಗಳಲ್ಲ, ತಿರುವಾಂಕೂರಿನ ಗೃಹಸ್ಥರು. 1745ರಲ್ಲಿ ದೀಕ್ಷಾಸ್ನಾನ ಪಡೆದ ಅವರು ವಿಶ್ವಾಸವನ್ನು ಬಿಡಲೊಲ್ಲದೆ 1752ರಲ್ಲಿ ಪ್ರಾಣವನ್ನೇ ತೆತ್ತರು. ನೆರೆಯವರು ನಮ್ಮಿಂದ ಕೇಳುವುದು ಒಂದು ಸರಳ ಉತ್ತರವನ್ನಷ್ಟೇ.

ಆ ಉತ್ತರ ಮನೆಯಲ್ಲಿಯೇ ಸಿದ್ಧವಾಗಬೇಕು. ಭಾನುವಾರ ಬಲಿಪೂಜೆಗೆ ಏಕೆ ಹೋಗುತ್ತೇವೆ, ತಪಸ್ಸು ಕಾಲದಲ್ಲಿ ಏಕೆ ಉಪವಾಸವಿರುತ್ತೇವೆ ಎಂಬುದನ್ನು ಸಂಜೆಯ ಜಪಮಾಲೆಯ ನಂತರ ಮಕ್ಕಳ ಬಾಯಿಂದಲೇ ಎರಡು ಮಾತುಗಳಲ್ಲಿ ಹೇಳಿಸೋಣ. ನಾಲ್ಕು ಜನರ ನಡುವೆ ಉಣ್ಣುವಾಗಲೂ ಶಿಲುಬೆಯ ಗುರುತು ಹಾಕಲು ನಾಚದಿರೋಣ. ಪರರ ದೇವರನ್ನು ಹಳಿಯುವುದು ಬೇಡ, ವಾದಕ್ಕಿಳಿಯುವುದೂ ಬೇಡ. ಮಾಡಿದ ನೆರವಿಗೆ ಪ್ರತಿಯಾಗಿ ಏನನ್ನೂ ಬಯಸುವುದು ಬೇಡ. 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯ ಇನ್ನೂ ಎಳೆಯದು. ನೆರೆಯವರು ಧರ್ಮಸಭೆಯನ್ನು ಕಾಣುವುದು ನಮ್ಮ ಮನೆಗಳಲ್ಲಿ.

ಮುಂದೆ ಯಾರಾದರೂ ಕೇಳಿದಾಗ "ನಾವು ಯೇಸುಸ್ವಾಮಿಯನ್ನು ನಂಬಿದವರು" ಎಂದು ತಲೆಯೆತ್ತಿ ಹೇಳೋಣ. ಅನಂತರ ಅವರ ಮನೆದೇವರು ಯಾವುದೆಂದು ಕೇಳಿ, ಅವರ ಮಾತನ್ನೂ ಪೂರ್ತಿಯಾಗಿ ಆಲಿಸೋಣ.