ಕೂಗುವ ಕುಕ್ಕರ್, ಕೂಗದ ಕೇಕ್

ಬಾಶೆಟ್ಟಿಹಳ್ಳಿಯಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ತೊಂಬತ್ತೇಳಕ್ಕೇ ಕುದ್ದುಬಿಡುತ್ತದೆ. ಶಾಲೆಯ ಪುಸ್ತಕದ ನೂರು ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಮಂಗಳೂರಿಗೆ ಸರಿ, ಚೆನ್ನೈಗೆ ಸರಿ. ಬಾಶೆಟ್ಟಿಹಳ್ಳಿ ಇರುವ ದೊಡ್ಡಬಳ್ಳಾಪುರದ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 880 ಮೀಟರ್ ಎತ್ತರದಲ್ಲಿದೆ. ತಲೆಯ ಮೇಲಿನ ಗಾಳಿ ಅಷ್ಟು ಕಡಿಮೆ, ಅದರ ಒತ್ತಡವೂ ಕಡಿಮೆ. ಆ ಒತ್ತಡವನ್ನು ಮೀರಿ ಆವಿ ಗುಳ್ಳೆಯಾಗಿ ಏಳುವುದನ್ನೇ ನಾವು ಕುದಿಯುವುದು ಎನ್ನುತ್ತೇವೆ. ಸುಮಾರು 300 ಮೀಟರ್ ಮೇಲೆ ಹೋದಂತೆಲ್ಲ ಕುದಿಯುವ ಬಿಂದು ಒಂದೊಂದು ಡಿಗ್ರಿ ಇಳಿಯುತ್ತದೆ. ಭಾನುವಾರ ಬೆಳಕು ಹರಿಯುವ ಮುಂಚೆ ಸ್ಕೂಟರ್ ಏರಿ 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೋದರೆ, ಅಲ್ಲಿ ಚಹಾದ ನೀರು ಕುದಿಯುವುದು 95 ಡಿಗ್ರಿಯಲ್ಲಿ. ಲೇಹ್‌ನಲ್ಲಿ 88.

ಚಹಾಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ತೊಗರಿಬೇಳೆಗೆ ಇದೆ. ಬೇಳೆ ಬೇಯುವ ವೇಗ ಬಿಸಿಯ ಜೊತೆ ಬಲುಬೇಗ ಏರುತ್ತದೆ, ಬಿಸಿ ಇಳಿದರೆ ಅಷ್ಟೇ ಬೇಗ ಕುಸಿಯುತ್ತದೆ. ತೆರೆದ ಪಾತ್ರೆಯಡಿ ಉರಿ ಎಷ್ಟೇ ಜೋರು ಮಾಡಿದರೂ ನೀರು ತನ್ನ 97 ಡಿಗ್ರಿ ದಾಟುವುದಿಲ್ಲ. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುತ್ತದೆ. ಬೆಳಗಿನ ಪಾಳಿಗೆ ಕಾರ್ಖಾನೆಯ ಬಸ್ಸು ಬರುವ ಮುಂಚೆ ಮೂರು ಡಬ್ಬಿ ಕಟ್ಟಬೇಕಾದ ಮನೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೇ ಇಲ್ಲಿನ ಕೈಗಾರಿಕಾ ಪ್ರದೇಶದ ಸುತ್ತ ಎದ್ದಿರುವ ಬಾಡಿಗೆ ಮನೆಗಳಲ್ಲಿ ಮಂಚ ಇಲ್ಲದಿದ್ದರೂ ಕುಕ್ಕರ್ ಇರುತ್ತದೆ.

ಕುಕ್ಕರಿನ ಅಜ್ಜ ಹುಟ್ಟಿದ್ದು 1679ರಲ್ಲಿ. ಫ್ರಾನ್ಸಿನ ಡೆನಿಸ್ ಪಾಪಿನ್ ದಪ್ಪ ಗೋಡೆಯ ಪಾತ್ರೆಗೆ ಬಿಗಿ ಮುಚ್ಚಳ ಹಾಕಿ, ಮೂಳೆಯೂ ಮೆತ್ತಗಾಗುವಂತೆ ಬೇಯಿಸುವ ಯಂತ್ರ ಮಾಡಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ. 1682ರ ಏಪ್ರಿಲ್‌ನಲ್ಲಿ ಸೊಸೈಟಿಯ ಸದಸ್ಯರು ಅದರಲ್ಲಿ ಬೆಂದ ಊಟವನ್ನೂ ಮಾಡಿದರು. ನನಗೆ ಪಾಪಿನ್ ದೊಡ್ಡವನಾಗಿ ಕಾಣುವುದು ಪಾತ್ರೆಗಾಗಿ ಅಲ್ಲ, ಅದಕ್ಕೆ ಅವನು ಇಟ್ಟ ಕಿಂಡಿಗಾಗಿ. ಆವಿಯನ್ನು ಬರೀ ಕೂಡಿಹಾಕಿದರೆ ಅದು ಬಾಂಬು. ಒಂದು ತೂತು ಕೊರೆದು, ಅದರ ಮೇಲೆ ಲೆಕ್ಕ ಹಾಕಿ ತೂಕ ಹೇರಿದ್ದು ಅವನ ಜಾಣತನ. ಮಿತಿ ಮೀರಿದರೆ ತೂಕ ಮೇಲೇಳುತ್ತದೆ, ಆವಿ ಹೊರಗೆ ಹೋಗುತ್ತದೆ.

ನಿಮ್ಮ ಮನೆಯ ವಿಷಲ್ ಕೈಗೆ ತೆಗೆದುಕೊಳ್ಳಿ. ಅಷ್ಟು ಚಿಕ್ಕದಾದರೂ ಅಂಗೈಗೆ ಭಾರ ಗೊತ್ತಾಗುತ್ತದೆ. ಅದು ಕೂರುವ ಕೊಳವೆಯ ತೂತು 3 ಮಿಲಿಮೀಟರ್ ಅಗಲವಿದೆ ಎಂದುಕೊಳ್ಳೋಣ. ಬಾಯಿಯ ವಿಸ್ತೀರ್ಣ ಸುಮಾರು 7 ಚದರ ಮಿಲಿಮೀಟರ್ ಆಯಿತು. ನಮ್ಮ ಕುಕ್ಕರುಗಳು ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಒಂದು ಕಿಲೋ ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುತ್ತವೆ. ಎಂದರೆ ಚದರ ಮಿಲಿಮೀಟರಿಗೆ 10 ಗ್ರಾಂ. ಏಳು ಹತ್ತಲ ಎಪ್ಪತ್ತು. ಎಪ್ಪತ್ತು ಗ್ರಾಂ ತೂಕ ಇಟ್ಟರೆ ಸರಿಯಾಗಿ ಆ ಒತ್ತಡಕ್ಕೆ ಅದು ಏಳುತ್ತದೆ. ಇಡೀ ಯಂತ್ರದ ಬುದ್ಧಿ ಇರುವುದು ಈ ಗುಣಾಕಾರದಲ್ಲಿ.

ಇದೇ ಲೆಕ್ಕವನ್ನು ಮುಚ್ಚಳಕ್ಕೆ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಗಲದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅಂದರೆ ಹುಳಿಗೆ ಬೇಳೆ ಇಟ್ಟು ನೀವು ಸೊಪ್ಪು ಬಿಡಿಸುತ್ತ ಕೂತಿರುವಾಗ ಆ ಮುಚ್ಚಳವನ್ನು ಆವಿ ಮುನ್ನೂರು ಕಿಲೋ ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಆರತಿ ತಟ್ಟೆಯಷ್ಟು ಅಗಲದ ತಗಡೊಂದು ಅದನ್ನು ತಡೆದು ನಿಂತಿರುತ್ತದೆ.

ಈ ಒತ್ತಡದಲ್ಲಿ ನೀರು ಬಾಶೆಟ್ಟಿಹಳ್ಳಿಯಲ್ಲಿ ಕುದಿಯುವುದು ಸುಮಾರು 119 ಡಿಗ್ರಿಗೆ. ಸಮುದ್ರಮಟ್ಟದಲ್ಲಿ 120, ನಂದಿಬೆಟ್ಟದ ನೆತ್ತಿಯಲ್ಲಿ 117. ತೆರೆದ ಪಾತ್ರೆಯಲ್ಲಿ ಐದು ಡಿಗ್ರಿ ಇದ್ದ ಅಂತರ ಇಲ್ಲಿ ಮೂರಕ್ಕೆ ಇಳಿಯಿತು. ಗುಡ್ಡಗಾಡಿನ ಜನ ಕುಕ್ಕರನ್ನು ಅಷ್ಟೊಂದು ನಂಬುವುದು ಸುಮ್ಮನೆ ಅಲ್ಲ.

‘ನಾಲ್ಕು ಕೂಗು ಬರಲಿ ಕಣಮ್ಮಾ, ಆಮೇಲೆ ಆರಿಸು’ ಎಂದು ಅತ್ತೆ ಸೊಸೆಗೆ ಹೇಳುವುದು ಎಲ್ಲ ಮನೆಯಲ್ಲೂ ಕೇಳುವ ಮಾತು. ಭೌತವಿಜ್ಞಾನ ಇಲ್ಲಿ ಅತ್ತೆಯ ಪರವಾಗಿಲ್ಲ. ವಿಷಲ್ ಕೂಗಿದಾಗ ಒಳಗಿನ ಬಿಸಿ ಏರಿರುವುದಿಲ್ಲ. ಮಿತಿಗಿಂತ ಹೆಚ್ಚಾದ ಆವಿ ಹೊರಬಿದ್ದಿರುತ್ತದೆ, ಅಷ್ಟೆ. ಉರಿ ಜೋರಿದ್ದರೆ ನಾಲ್ಕು ಕೂಗು ಗಡಿಬಿಡಿಯಲ್ಲಿ ಮುಗಿಯುತ್ತವೆ, ಬೇಳೆ ನುಣ್ಣಗಾಗಿರುವುದಿಲ್ಲ. ಉರಿ ಸಣ್ಣಗಿದ್ದರೆ ಎರಡೇ ಕೂಗಿಗೆ ಕರಗಿಹೋಗಿರುತ್ತದೆ. ಬೇಯಿಸುವುದು ಬಿಸಿ ಮತ್ತು ಸಮಯ. ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿ ಗಡಿಯಾರ ನೋಡಿದರೆ ಅನಿಲವೂ ಉಳಿಯುತ್ತದೆ. ಅತ್ತೆಗೆ ಇದನ್ನು ಯಾರು ಹೇಳುವುದು ಎಂಬುದು ಬೇರೆ ಪ್ರಶ್ನೆ.

ಇನ್ನು ಕೇಕಿಗೆ ಬರೋಣ. ಮನೆಯಲ್ಲಿ ಓವನ್ ಇಲ್ಲ, ಮಗುವಿನ ಹುಟ್ಟುಹಬ್ಬ ಬಂದಿದೆ, ಅಥವಾ ಘಾಟಿ ಸುಬ್ರಹ್ಮಣ್ಯಕ್ಕೋ ಮಾಕಳಿದುರ್ಗಕ್ಕೋ ಹೊರಟಿದ್ದೀರಿ, ಚಿತ್ರಾನ್ನ ಮೊಸರನ್ನದ ಜೊತೆ ಮಕ್ಕಳಿಗೆ ಏನಾದರೂ ಸಿಹಿ ಬೇಕು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಕೇಳುತ್ತಾಳೆ: ‘ಅಕ್ಕಾ, ಕುಕ್ಕರ್ ಕೇಕಿಗೆ ಅಡಿಗೆ ಉಪ್ಪು ಹಾಕ್ಲಾ, ಮರಳು ಹಾಕ್ಲಾ?’

ಕೇಕ್ ಮಾಡುವಾಗ ನಾವು ಕುಕ್ಕರಿನಿಂದ ಅದರ ಕುಕ್ಕರ್‌ತನವನ್ನೇ ಕಿತ್ತುಹಾಕುತ್ತೇವೆ. ನೀರು ಹಾಕುವುದಿಲ್ಲ. ವಿಷಲ್ ತೆಗೆದಿಡುತ್ತೇವೆ. ರಬ್ಬರಿನ ಗ್ಯಾಸ್ಕೆಟ್ಟನ್ನೂ ಬಿಚ್ಚುತ್ತೇವೆ. ಒತ್ತಡ ಕಟ್ಟಲು ಇನ್ನೇನೂ ಉಳಿದಿರುವುದಿಲ್ಲ. ಉಳಿಯುವುದು ಒಂದು ದಪ್ಪ ಪಾತ್ರೆ, ಒಳಗೆ ಒಣಗಾಳಿ. ಕೇಕಿಗೆ ಬೇಕಾದದ್ದೂ ಅದೇ. ಆವಿ ತುಂಬಿದ ಕುಕ್ಕರ್ 119ಕ್ಕೆ ನಿಂತುಬಿಡುತ್ತದೆ, ಕೇಕಿಗೆ 170ರಿಂದ 180 ಡಿಗ್ರಿ ಬೇಕು. ಹಿಟ್ಟಿನ ಮೈ ಕಂದುಬಣ್ಣಕ್ಕೆ ತಿರುಗಿ ಘಮ ಹುಟ್ಟುವ ರಾಸಾಯನಿಕ ಕ್ರಿಯೆ ಚುರುಕಾಗುವುದು ಸುಮಾರು 140 ದಾಟಿದ ಮೇಲೆ, ಅದೂ ಮೇಲ್ಮೈ ಒಣಗಿದಾಗ. ಹಬೆಯಲ್ಲಿ ಬೆಂದ ಇಡ್ಲಿ ಎಷ್ಟು ಹೊತ್ತು ಇಟ್ಟರೂ ಬಿಳಿಯಾಗಿಯೇ ಇರುವುದಕ್ಕೆ ಕಾರಣ ಇದು.

ತಮಾಷೆಯೆಂದರೆ, ಸುತ್ತ 180 ಡಿಗ್ರಿ ಇದ್ದರೂ ಕೇಕಿನ ಹೊಟ್ಟೆ 97 ದಾಟುವುದಿಲ್ಲ. ಅಲ್ಲಿ ನೀರಿನಂಶ ಇದೆ, ಅದು ಇರುವ ತನಕ ಬಾಶೆಟ್ಟಿಹಳ್ಳಿಯ ಕುದಿಬಿಂದುವೇ ಅದರ ಮಿತಿ. ಹೊರಗಿನ ಅರ್ಧ ಬೆರಳು ದಪ್ಪ ಮಾತ್ರ ಒಣಗಿ, ಬಿಸಿಯೇರಿ, ಕೆಂಪಗಾಗುತ್ತದೆ. ನಡುವೆ ಕಡ್ಡಿ ಚುಚ್ಚಿ ನೋಡುವುದು ಹೊಟ್ಟೆಯ ಹಸಿ ಹಿಟ್ಟು ಗಟ್ಟಿಯಾಯಿತೇ ಎಂದು ತಿಳಿಯುವುದಕ್ಕೆ.

ಎತ್ತರ ಇಲ್ಲೂ ಕೈ ಹಾಕುತ್ತದೆ. ಅಡುಗೆ ಸೋಡಾ, ಬೇಕಿಂಗ್ ಪೌಡರ್ ಬಿಡುವ ಇಂಗಾಲದ ಡೈಆಕ್ಸೈಡ್ ಇಲ್ಲಿನ ಹಗುರ ಗಾಳಿಯಲ್ಲಿ ಸಮುದ್ರಮಟ್ಟಕ್ಕಿಂತ ಶೇಕಡ 10ರಷ್ಟು ಹೆಚ್ಚು ಹಿಗ್ಗುತ್ತದೆ. ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆ ಊದಿ ಒಡೆದರೆ ಕೇಕಿನ ನಡು ಕುಳಿ ಬೀಳುತ್ತದೆ. ಬೆಟ್ಟದ ಮೇಲಿನ ಬೇಕಿಂಗ್ ನಿಯಮಗಳು ಸಾಮಾನ್ಯವಾಗಿ 3000 ಅಡಿಯಿಂದ, ಎಂದರೆ 914 ಮೀಟರಿನಿಂದ ಶುರುವಾಗುತ್ತವೆ. ನಮ್ಮ ಬಯಲು ಅದರ ಹೊಸ್ತಿಲಲ್ಲಿದೆ. ಕಡಲತೀರದ ಊರಿನ ಅಳತೆ ಹಿಡಿದು ಮಾಡುವವರು ಸೋಡಾ ಒಂದು ಚಿಟಿಕೆ ಕಡಿಮೆ ಹಾಕಿದರೆ ಸಾಕು. ರಾಗಿ ಹಿಟ್ಟಿನ ಕೇಕಾದರೆ ಇನ್ನೊಂದು ತೊಡಕು: ರಾಗಿಯಲ್ಲಿ ಗೋಧಿಯ ಗ್ಲುಟೆನ್ ಇಲ್ಲ, ಗುಳ್ಳೆ ಹಿಡಿದಿಡುವ ಬಲೆ ಇಲ್ಲ. ಅರ್ಧಕ್ಕೆ ಅರ್ಧ ಗೋಧಿಹಿಟ್ಟು ಸೇರಿಸಿ ಅಥವಾ ಮೊಟ್ಟೆಯ ಸಹಾಯ ಪಡೆಯಿರಿ. ಶಾಸ್ತ್ರೀಯವಾಗಿ ಕಲಿಯುವ ಆಸೆ ಇದ್ದರೆ ಬೆಂಗಳೂರಿನ ಹೆಬ್ಬಾಳ ದೂರವಿಲ್ಲ. ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಅಲ್ಲಿದೆ.

ಉಪ್ಪೋ ಮರಳೋ ಎಂಬ ಪ್ರಶ್ನೆ ಬಾಕಿ ಇತ್ತು. ಎರಡರ ಕೆಲಸವೂ ಒಂದೇ. ಉರಿಯ ನೇರ ಏಟು ತಟ್ಟೆಯ ತಳಕ್ಕೆ ಬೀಳದಂತೆ ತಡೆದು, ಬಿಸಿಯನ್ನು ನಿಧಾನವಾಗಿ ಎಲ್ಲ ಕಡೆ ಹಂಚುವುದು. ಉಪ್ಪು 801 ಡಿಗ್ರಿಗೆ ಕರಗುವ ವಸ್ತು, ಒಲೆಯ ಮೇಲೆ ಅದಕ್ಕೇನೂ ಆಗುವುದಿಲ್ಲ. ಆದರೆ ಪಾತ್ರೆಗೆ ಆಗುತ್ತದೆ. ಕೇಕಿನಿಂದ ಏಳುವ ತೇವ ತಾಗಿದ ಉಪ್ಪು ಅಲ್ಯೂಮಿನಿಯಮ್ಮನ್ನು ಸಣ್ಣಸಣ್ಣ ಗುಳಿಯಾಗಿ ತಿನ್ನುತ್ತದೆ. ತೊಳೆದು ಒಣಗಿಸಿದ ಮರಳು ವಾಸಿ. ಕಬ್ಬಿಣದ ಸ್ಟ್ಯಾಂಡ್ ಒಂದಿದ್ದರೆ ಎರಡೂ ಬೇಡ.

ಆದರೆ ಆ ಹುಡುಗಿ ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಮುಚ್ಚಳದಲ್ಲಿ ವಿಷಲ್ ಕೂರುವ ಕೊಳವೆಯ ಹತ್ತಿರ ಒಂದು ಪುಟ್ಟ ಗುಂಡಿ ಇರುತ್ತದೆಯಲ್ಲ, ಸೇಫ್ಟಿ ವಾಲ್ವ್, ಅದನ್ನು ಬಗ್ಗಿ ನೋಡಿ. ಹಲವು ಕುಕ್ಕರುಗಳಲ್ಲಿ ಅದರ ನಡುವೆ ಬೂದುಬಣ್ಣದ ಲೋಹದ ಚುಕ್ಕೆ ಕಾಣುತ್ತದೆ. ಅದು ಬೇಗ ಕರಗುವ ಮಿಶ್ರಲೋಹ. ತವರ ಮತ್ತು ಬಿಸ್ಮತ್ ಸರಿಯಾದ ಪ್ರಮಾಣದಲ್ಲಿ ಬೆರೆತರೆ 138 ಡಿಗ್ರಿಗೇ ಕರಗುತ್ತವೆ. ಬೇಳೆಯ ನೊರೆಯೋ ಮೆಣಸಿನಕಾಯಿ ಬೀಜವೋ ಕೊಳವೆಗೆ ಸಿಕ್ಕಿಕೊಂಡು ಆವಿಗೆ ದಾರಿ ಮುಚ್ಚಿದರೆ, ಅಥವಾ ನೀರು ಇಂಗಿ ತಳ ಒಣಗಿದರೆ, ಬಿಸಿ 119 ದಾಟಿ ಏರುತ್ತದೆ. ಮುನ್ನೂರು ಕಿಲೋದ ಬಲ ಏಳೆಂಟುನೂರಾಗುವ ಹೊತ್ತಿಗೆ ಆ ಚುಕ್ಕೆ ಕರಗಿ ಆವಿಗೆ ಬೇರೊಂದು ಬಾಗಿಲು ತೆರೆಯುತ್ತದೆ. ಕೆಲವು ಮಾದರಿಗಳಲ್ಲಿ ಇದರ ಜೊತೆಗೆ, ಗ್ಯಾಸ್ಕೆಟ್ಟೇ ಮುಚ್ಚಳದ ಪಕ್ಕದ ಸೀಳಿನಿಂದ ಉಬ್ಬಿ ಆವಿ ಬಿಡುವ ಏರ್ಪಾಡೂ ಇರುತ್ತದೆ.

ಈಗ 138 ಮತ್ತು 180 ಪಕ್ಕಪಕ್ಕ ಇಟ್ಟು ನೋಡಿ. ಕೇಕ್ ಬೇಯುವ ಬಿಸಿ, ಕಾವಲುಗಾರ ಕರಗುವ ಬಿಸಿಗಿಂತ ಎಷ್ಟೋ ಮೇಲಿದೆ. ಮುಚ್ಚಳ ತಳದಷ್ಟು ಕಾಯದಿರುವುದರಿಂದ ಎಷ್ಟೋ ಸಲ ವಾಲ್ವ್ ಉಳಿದುಕೊಳ್ಳುತ್ತದೆ. ಉಳಿಯದಿದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಮರುದಿನ ಬೆಳಿಗ್ಗೆ ಬೇಳೆ ಇಟ್ಟಾಗ ಆ ತೂತಿನಿಂದ ಆವಿ ಸೋರುತ್ತದೆ. ಪುಣ್ಯಕ್ಕೆ ಅದು ಅಪಾಯದ ಸ್ಥಿತಿಯಲ್ಲ, ಸೋರುವ ಕುಕ್ಕರ್ ಸಿಡಿಯುವುದಿಲ್ಲ. ಅಪಾಯ ಶುರುವಾಗುವುದು ಸೋರುವ ತೂತಿಗೆ ಯಾರೋ ಜಾಣರು ಸ್ಕ್ರೂ ಬಿಗಿದು ಅಥವಾ ಅಂಟು ಮೆತ್ತಿ ‘ರಿಪೇರಿ’ ಮಾಡಿದಾಗ.

ಅಲ್ಯೂಮಿನಿಯಮ್ಮಿನ ಕಥೆಯೂ ಇದೆ. ನೀರಿದ್ದಾಗ ತಳ 120ರ ಆಸುಪಾಸಿನಲ್ಲಿರುತ್ತದೆ. ನೀರಿಲ್ಲದೆ ಮುಕ್ಕಾಲು ಗಂಟೆ ಉರಿಯ ಮೇಲಿಟ್ಟರೆ ಅದು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಹಾಗೆ ಮತ್ತೆ ಮತ್ತೆ ಕಾಯಿಸಿದ ಅಲ್ಯೂಮಿನಿಯಮ್ ಮೆತ್ತಗಾಗುತ್ತದೆ, ತಳ ಉಬ್ಬುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಮುನ್ನೂರು ಕಿಲೋ ತಡೆಯಬೇಕಾದ್ದು ಅದೇ ಲೋಹ. ಮನೆಬಳಕೆಯ ಕುಕ್ಕರಿಗೆ ಐಎಸ್ 2347 ಎಂಬ ಭಾರತೀಯ ಮಾನಕ ಇದೆ. 2021ರ ಫೆಬ್ರುವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕಾರ್ಖಾನೆಯಿಂದ ಹೊರಟ ದಿನದ ಕುಕ್ಕರಿಗೆ ಆ ಗುರುತು ಸಾಕ್ಷಿ ಹೇಳುತ್ತದೆ, ಹತ್ತು ಕೇಕ್ ಬೆಂದ ಮೇಲಿನ ಕುಕ್ಕರಿಗೆ ಅಲ್ಲ.

ಹಾಗೆಂದು ಕೇಕ್ ಬಿಡಬೇಕಿಲ್ಲ, ಹೊಸ ಓವನ್ನಿಗೆ ಕಂತು ಕಟ್ಟಬೇಕಾಗಿಯೂ ಇಲ್ಲ. ಒತ್ತಡವೇ ಬೇಡದ ಕೆಲಸಕ್ಕೆ ಒತ್ತಡದ ಪಾತ್ರೆ ಯಾಕೆ? ದಪ್ಪ ತಳದ ಅಗಲ ಪಾತ್ರೆ, ಒಳಗೊಂದು ಸ್ಟ್ಯಾಂಡ್, ಮೇಲೆ ಸರಿಯಾಗಿ ಕೂರುವ ತಟ್ಟೆ. ಪಾತ್ರೆ ತೆಳುವಾಗಿದ್ದರೆ ಅಡಿಗೆ ಹಳೇ ದೋಸೆ ಕಾವಲಿ ಇಡಿ. ಖಾಲಿಯಾಗಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಹಿಟ್ಟಿನ ತಟ್ಟೆ ಇಳಿಸಿ, ಉರಿ ಸಣ್ಣ ಮಾಡಿ. ಮೊದಲ ಅರ್ಧ ಗಂಟೆ ತೆಗೆದು ನೋಡಬೇಡಿ. ತಣ್ಣನೆ ಗಾಳಿ ನುಗ್ಗಿದರೆ ಇನ್ನೂ ಗಟ್ಟಿಯಾಗದ ಗುಳ್ಳೆಗಳು ಕುಗ್ಗುತ್ತವೆ. ಬೆಂದದ್ದನ್ನು ಪೂರ್ತಿ ಆರಿಸಿ ಡಬ್ಬಿಗೆ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗಿನ ಹಬೆ ನೀರಾಗಿ ಇಳಿದು, ಬೆಟ್ಟ ತಲುಪುವ ಹೊತ್ತಿಗೆ ಮೇಲ್ಮೈ ಅಂಟಂಟಾಗಿರುತ್ತದೆ. ಅಡುಗೆಯೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಒಣಹುಲ್ಲಿನ ಗುಡ್ಡದಲ್ಲಿ ಒಲೆ ಹೂಡಿದರೆ ಒಂದು ಕಿಡಿಗೆ ಇಡೀ ಇಳಿಜಾರು ಹತ್ತಿಕೊಳ್ಳುತ್ತದೆ. ನಂದಿಯಲ್ಲಾದರೂ ಘಾಟಿಯಲ್ಲಾದರೂ ಕೋತಿಗಳಿಗೆ ಕಾಣದಂತೆ ಡಬ್ಬಿ ತೆಗೆಯುವುದು ನಿಮಗೆ ಬಿಟ್ಟದ್ದು.

ಈಗಾಗಲೇ ಕುಕ್ಕರಿನಲ್ಲಿ ಕೇಕ್ ಮಾಡಿರುವವರು ಇವತ್ತೇ ಮುಚ್ಚಳ ಮಗುಚಿ ಆ ಬೂದು ಚುಕ್ಕೆಯನ್ನು ಬೆಳಕಿಗೆ ಹಿಡಿಯಿರಿ. ಕುಳಿ ಬಿದ್ದಿದ್ದರೆ, ಸುಕ್ಕಾಗಿದ್ದರೆ, ಅದೇ ಕಂಪನಿಯ ಹೊಸ ವಾಲ್ವ್ ತಂದು ಹಾಕಿ. ತಳ ಉಬ್ಬಿದ್ದರೆ ಆ ಕುಕ್ಕರನ್ನು ಬೇಳೆಯ ಕೆಲಸದಿಂದ ನಿವೃತ್ತಿ ಮಾಡಿ, ಕೇಕಿಗೆ ಮಾತ್ರ ಇಟ್ಟುಕೊಳ್ಳಿ. ವಿಷಲ್ಲನ್ನು ಮಾತ್ರ ಅದರ ಹತ್ತಿರ ಇಡಬೇಡಿ, ಮನೆಯಲ್ಲಿ ಬೇರೆಯವರೂ ಅಡುಗೆ ಮಾಡುತ್ತಾರೆ.